ಹಾಳೆ ಲೋಟ

ಪಂಚಾಯತಿಯ ಕಸದ ಗಾಡಿಯ ಮೈಕಿಗೆ ಪೆರ್ಲಗುಡ್ಡೆಯಲ್ಲಿ ಯಾರೂ ಕಿವಿಗೊಡುವುದಿಲ್ಲ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ವರ್ಷಗಟ್ಟಲೆ ಕೂಗಿ ಆ ಮೈಕಿಗೇ ಸಾಕಾಗಿ ಹೋಗಿರಬೇಕು. ಊರಿನವರಿಗಂತೂ ಅದು ಕಾಗೆ ಕೂಗಿದಷ್ಟೇ ಲೆಕ್ಕ. ಆದರೆ ಡಿಸೆಂಬರಿನ ಆ ಸೋಮವಾರ ಬೆಳಗ್ಗೆ ರಾಮಕುಂಜದ ಕಡೆಯಿಂದ ಏರು ಹತ್ತಿ ಬಂದ ಗಾಡಿ ಹೊಸದೊಂದು ಮಾತು ಹೇಳಿತು. ಗಂಡಸಿನ ದನಿ, ಬಯಲುಸೀಮೆಯ ರಾಗ.

"ಸಾರ್ವಜನಿಕರ ಗಮನಕ್ಕೆ. ಜನವರಿ ಒಂದರಿಂದ ಮದುವೆ ಹಾಲ್, ಹೋಟೆಲ್ ಹಾಗೂ ಎಲ್ಲ ಸಮಾರಂಭಗಳಲ್ಲಿ ಹಾಳೆ ತಟ್ಟೆ, ಹಾಳೆ ಲೋಟಗಳ ಬಳಕೆಯನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ದಂಡ ವಿಧಿಸಲಾಗುವುದು."

ಶೆಡ್ಡಿನ ಹೊರಗಿನ ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದ ನೆಬೀಸ ಅಲ್ಲೇ ಕುಸಿದು ಕೂತಳು.

ಕೂರದೆ ಇನ್ನೇನು ಮಾಡಿಯಾಳು? ಅವಳು ಹತ್ತು ವರ್ಷದಿಂದ ಮಾಡಿಕೊಂಡು ಬಂದದ್ದೇ ಹಾಳೆ ತಟ್ಟೆ. ಅಡಿಕೆ ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡು ಅಗಲವಾಗಿ ಇರುವುದು, ಒಣಗಿದ ಮೇಲೆ ಸೋಗೆಯ ಸಮೇತ ತಾನಾಗಿ ಕಳಚಿ ಬೀಳುವುದು, ಅದಕ್ಕೆ ಈ ಕಡೆ ಹಾಳೆ ಎನ್ನುತ್ತಾರೆ. ಅದನ್ನು ನೆನೆಸಿ, ತಿಕ್ಕಿ ತೊಳೆದು, ಬಿಸಿ ಅಚ್ಚಿನ ಕೆಳಗೆ ಇಟ್ಟು ಒತ್ತಿದರೆ ತಟ್ಟೆ. ಗಂಡ ಹಕೀಮ್ ಸೌದಿಯ ದಮ್ಮಾಮಿನಲ್ಲಿ ಲಾರಿ ಓಡಿಸಿದ್ದು ಸಾಕೆಂದು ಊರಿಗೆ ಬಂದಾಗ, ಮನೆಯ ಪಕ್ಕದ ಶೆಡ್ಡಿನಲ್ಲಿ ಮೆಷಿನು ಹಾಕೋಣ ಎಂದವಳು ಇವಳೇ. ಅಂಗಡಿ ಇಡುತ್ತೇನೆ ಎಂದು ಅವನು ಗೊಣಗಿದ್ದ. ನೆಬೀಸನ ಬಾಯಿಯ ಮುಂದೆ ಗೊಣಗಾಟ ಎಷ್ಟು ಹೊತ್ತು ನಿಂತೀತು? ಈಗ ಅವನು ಪಿಕಪ್ಪಿನಲ್ಲಿ ತೋಟ ತೋಟ ತಿರುಗಿ ಹಾಳೆ ತರುತ್ತಾನೆ. ಶೆಡ್ಡಿನಲ್ಲಿ ನಾಲ್ಕು ಮೆಷಿನು, ಸುತ್ತಲಿನ ಮನೆಗಳ ಏಳು ಹೆಂಗಸರಿಗೆ ಕೆಲಸ. ಅವರ ಪೈಕಿ ಮೊದಲ ದಿನದಿಂದ ಇರುವವಳು ತಿಮ್ಮಕ್ಕ, ತೊಟ್ಟಿಯಲ್ಲಿ ಹಾಳೆ ತಿಕ್ಕಿ ತೊಳೆಯುವವಳು.

"ನೆಬೀಸಕ್ಕ, ಎಂತ ಆಯ್ತು? ತಲೆ ತಿರುಗಿತಾ?" ಎಂದು ತಿಮ್ಮಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಓಡಿ ಬಂದಳು.

"ಕೇಳ್ಲಿಲ್ವಾ? ಹಾಳೆ ತಟ್ಟೆ ಬಂದ್ ಅಂತೆ."

"ಯಾಕೆ? ನಾವೆಂತ ಪ್ಲಾಸ್ಟಿಕ್ ಮಾಡುದಾ?"

ಯಾಕೆ ಎಂದು ತನಗೆ ಗೊತ್ತು ಎಂದೇ ನೆಬೀಸನಿಗೆ ಅನಿಸಿತು. ಅವಳ ಕಣ್ಣು ನೇರ ತೊಟ್ಟಿಯ ಮೇಲೆ ಹೋಯಿತು. ಅಲ್ಲಿಂದ ತಿಮ್ಮಕ್ಕನ ಬೆರಳುಗಳ ಮೇಲೆ.

ಅದು ಶುರುವಾದದ್ದು ಎರಡು ವರ್ಷದ ಹಿಂದೆ. ಹಕೀಮನ ಅಕ್ಕನ ಮಗ ರಮೀಝ್ ಪುತ್ತೂರಿನಲ್ಲಿ ಕ್ಯಾಟರಿಂಗ್ ಮಾಡುತ್ತಾನೆ. ಪುತ್ತೂರು, ಸುಳ್ಯ, ಕಡಬದ ಯಾವ ಹಾಲ್‌ನಲ್ಲಿ ಮದುವೆಯಾದರೂ ಅವನದೊಂದು ಜೀಪು ಹೊರಗೆ ನಿಂತಿರುತ್ತದೆ. ನೆಬೀಸನ ತಟ್ಟೆಯ ಮುಕ್ಕಾಲು ಪಾಲು ಹೋಗುವುದು ಅವನಿಗೇ. ಒಂದು ದಿನ ಬಂದವನು ತಟ್ಟೆಯನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸಿದ.

"ಮಾಮಿ, ಇದೆಂತ ಕಲೆ ಕಲೆ? ತುಪ್ಪದನ್ನ ಬಡಿಸುವಾಗ ಜನ ತೊಳೆಯದ ತಟ್ಟೆ ಅಂತ ಹೇಳ್ತಾರೆ. ಬೇರೆಯವರು ಹಾಲಿನ ಹಾಗೆ ಬಿಳಿ ಕೊಡ್ತಾರೆ. ನೀವೂ ಕೊಡಿ, ಇಲ್ಲದಿದ್ರೆ ನನ್ನನ್ನು ಬೈಬೇಡಿ."

ಹಾಳೆ ಎಂದರೆ ಮರದಿಂದ ಬಿದ್ದದ್ದು. ಒಂದು ತಿಳಿಕಂದು, ಒಂದು ಕಡುಕಂದು, ಒಂದರ ಮೈಮೇಲೆ ಕಪ್ಪು ಚುಕ್ಕಿ. ಬಿಳಿ ಎಲ್ಲಿಂದ ಬರಬೇಕು? ಬೇರೆಯವರಿಗೆ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿದಾಗ ಗುಟ್ಟು ಸಿಕ್ಕಿತು: ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು. ಅದನ್ನು ತೊಟ್ಟಿಗೆ ಸುರಿದು ಹಾಳೆಯನ್ನು ನೆನೆಸಿದರೆ ಬೆಳಗಾಗುವಾಗ ಬಿಳಿ. ಕುಡಿಯುವ ನೀರಿಗೇ ಹಾಕುತ್ತಾರಂತೆ, ತಟ್ಟೆಗೆ ಹಾಕಿದರೆ ಎಂತ ಎಂದು ನೆಬೀಸ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಾವಿಗೆ ಹಾಕುವುದು ಎಷ್ಟು, ತಾನು ಸುರಿಯುವುದು ಎಷ್ಟು ಎಂಬುದನ್ನು ಮಾತ್ರ ಅವಳು ಯೋಚಿಸಲು ಹೋಗಲಿಲ್ಲ. ಆ ನೀರು ಶೆಡ್ಡಿನ ಹಿಂದಿನಿಂದ ಇಳಿದು ಕೆಳಗೆ ಹರಿಯುವ ತೋಡಿಗೆ ಸೇರುತ್ತಿತ್ತು. ಇಷ್ಟು ದೊಡ್ಡ ತೋಡು, ಇಷ್ಟು ಸಣ್ಣ ತೊಟ್ಟಿ ಎಂದು ಅದಕ್ಕೂ ಒಂದು ಸಮಾಧಾನ ಇತ್ತು.

ತಿಮ್ಮಕ್ಕನ ಚಮಚಕ್ಕೆ ಮಾತ್ರ ಸಮಾಧಾನ ಸಿಗಲಿಲ್ಲ. ಮಧ್ಯಾಹ್ನ ಎಲ್ಲರೂ ಶೆಡ್ಡಿನ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಕಳೆದ ವರ್ಷದಿಂದ ತಿಮ್ಮಕ್ಕ ಬುತ್ತಿಯಲ್ಲಿ ಒಂದು ಚಮಚ ತರತೊಡಗಿದ್ದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮತ್ತೆ ಚಮಚ! ನೆಬೀಸ ಸುಮ್ಮನಿರುವವಳಾ? "ದಮ್ಮಾಮಿಗೆ ಹೋಗಿ ಬಂದದ್ದು ನನ್ನ ಗಂಡ, ಸ್ಟೈಲು ಮಾತ್ರ ತಿಮ್ಮಕ್ಕಂದು" ಎಂದು ತಿಂಗಳುಗಟ್ಟಲೆ ಛೇಡಿಸಿದಳು. ಎಲ್ಲರೂ ನಕ್ಕರು. ತಿಮ್ಮಕ್ಕನೂ ನಕ್ಕಳು. ಒಂದು ದಿನ ಚಮಚ ಕೈಜಾರಿ ಮಣ್ಣಿಗೆ ಬಿತ್ತು. ತಿಮ್ಮಕ್ಕ ಬೆರಳಿನಿಂದ ಸಾರನ್ನ ಕಲೆಸಿದವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಆಗ ನೆಬೀಸ ಆ ಬೆರಳುಗಳನ್ನು ಸರಿಯಾಗಿ ನೋಡಿದ್ದು. ತುದಿಯೆಲ್ಲ ಬಿಳಿಚಿ ಒಡೆದಿತ್ತು, ಗೆರೆಗೆರೆಯಲ್ಲಿ ಕೆಂಪು ಕಾಣುತ್ತಿತ್ತು. ಮೆಣಸಿನ ಸಾರು ತಾಗಿದರೆ ಉರಿಯದೆ ಇದ್ದೀತೇ?

ನೆಬೀಸ ಮನೆಯಿಂದ ತೆಂಗಿನೆಣ್ಣೆಯ ಬಾಟಲಿ ತಂದುಕೊಟ್ಟಳು. ಪುತ್ತೂರಿನಿಂದ ರಬ್ಬರಿನ ಕೈಗವಸು ತರಿಸಿದಳು; ಹಾಳೆಯ ಅಂಚು ತಾಗಿ ಅದು ವಾರದಲ್ಲಿ ಹರಿಯಿತು, ಮತ್ತೆ ತರಿಸಲಿಲ್ಲ. ಪೌಡರು ನಿಲ್ಲಿಸಲಿಲ್ಲ. ತಾನೊಬ್ಬಳು ನಿಲ್ಲಿಸಿದರೆ ರಮೀಝ್ ಮರುದಿನವೇ ಬೇರೆಯವರ ಬಾಗಿಲಿಗೆ ಹೋಗುತ್ತಾನೆ, ಆಗ ಈ ಏಳು ಜನ ಎಲ್ಲಿಗೆ ಹೋಗಬೇಕು? ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಆದರೂ ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಅವಳು ಜಗಲಿಯಲ್ಲಿ ಕೂರದೆ ಮನೆಯೊಳಗೆ ಹೋಗತೊಡಗಿದಳು.

ಹಾಗಾಗಿ ಮೈಕಿನ ಮಾತು ಕೇಳಿದಾಗ ಅವಳಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಬರಲಿಲ್ಲ. ಯಾರೋ ತೋಡಿನ ನೀರು ನೋಡಿ ದೂರು ಕೊಟ್ಟಿದ್ದಾರೆ. ಸರಕಾರಕ್ಕೆ ಗೊತ್ತಾಗಿದೆ. ಹಾಳೆ ತಟ್ಟೆಯನ್ನೇ ಬಂದ್ ಮಾಡಿದ್ದಾರೆ.

ಹೊತ್ತು ಏರುವಾಗ ಹಕೀಮ್ ಬಂದ. ಗುತ್ತಿಗಾರಿನ ಕಾಡಂಚಿನಲ್ಲಿರುವ ಉದಯಶಂಕರಣ್ಣನ ತೋಟದಿಂದ ಪಿಕಪ್ಪು ತುಂಬ ಹಾಳೆ. ಆನೆ ತುಳಿಯುವ ಮೊದಲು ಹೆಕ್ಕಿಕೊಂಡು ಬಂದೆ ಎಂದು ನಗುತ್ತಾ ಇಳಿದವನು ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. ವಿಷಯ ಕೇಳಿ ರಮೀಝನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಹೌದು, ನಮ್ಮ ವಾಟ್ಸಾಪ್ ಗ್ರೂಪಿಗೂ ಆ ವಾಯ್ಸ್ ಬಂದಿದೆ," ಎಂದ ರಮೀಝ್. "ಹಾಳೆ ತಟ್ಟೆ ಇಲ್ಲ ಅಂತ ಸ್ಪಷ್ಟ ಹೇಳಿದ್ದಾರೆ. ನಮ್ಮಲ್ಲಿಯೂ ಬರ್ತದಂತೆ. ನಾನು ಜನವರಿಯ ಮದುವೆಗಳಿಗೆ ಸ್ಟೀಲ್ ತಟ್ಟೆ ನೋಡ್ತೇನೆ. ಮಾಮಿಗೆ ಬೇಸರ ಮಾಡ್ಬಾರ್ದು ಅಂತ ಹೇಳಿ."

ಮಾಮಿ ಬೇಸರ ಮಾಡಲಿಲ್ಲ. ಅವಳಿಗೆ ಅಳು ಬಂತು. ಅಳುತ್ತಲೇ ಒಳಗೆ ಹೋಗಿ ಪೌಡರಿನ ಡಬ್ಬಿಯನ್ನು ತಂದು ಮುಚ್ಚಳ ಬಿಗಿದು ಪಿಕಪ್ಪಿನಲ್ಲಿ ಇಟ್ಟಳು.

"ಇದನ್ನು ಯಾಕೆ ಹೇರುದು?" ಎಂದು ಹಕೀಮ್ ಕೇಳಿದ.

"ನಾಳೆ ಪಂಚಾಯತಿಗೆ ಹೋಗುವಾ. ಇದನ್ನು ಅವರ ಮುಂದೆ ಇಟ್ಟು ತಪ್ಪಾಯ್ತು ಅಂತ ಹೇಳ್ತೇನೆ. ಕಾಲಿಗೆ ಬೀಳು ಅಂದ್ರೂ ಬೀಳ್ತೇನೆ. ಬಂದ್ ಮಾಡ್ಬೇಡಿ ಅಂತ ಕೇಳುದು."

"ಅವರು ಕೇಳುವ ಮೊದಲು ನಾವಾಗಿ ಯಾಕೆ ಬಾಯಿ ಬಿಡುದು ಮಾರಾಯ್ತಿ?"

"ಇನ್ನೆಂತ ಕೇಳ್ಲಿಕ್ಕುಂಟು? ಮೈಕ್ ಹಾಕಿ ಊರಿಗೆಲ್ಲ ಹೇಳಿ ಆಯ್ತಲ್ಲ!"

ಪೆರ್ಲಗುಡ್ಡೆಯ ಪಿಡಿಒ ಮಲ್ಲನಗೌಡ ವಿಜಯಪುರದ ಕಡೆಯವನು, ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಇಲ್ಲಿನ ಸೆಕೆಗೂ ತುಳುವಿಗೂ ಇನ್ನೂ ಹೊಂದಿಕೊಳ್ಳುತ್ತಿದ್ದ. ಮಂಗಳವಾರ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗಂಡ ಹೆಂಡತಿ ಒಳಗೆ ಬಂದು ಮೇಜಿನ ಮೇಲೆ ಒಂದು ದೊಡ್ಡ ಡಬ್ಬಿ ಇಟ್ಟರೆ, ಏನೋ ಮನೆಯಲ್ಲಿ ಮಾಡಿದ ತಿಂಡಿ ಇರಬೇಕೆಂದು ಅವನು ಸಂಕೋಚಪಟ್ಟ.

"ಸಾರ್, ನಾವು ಇನ್ನು ಹಾಕುದಿಲ್ಲ," ಎಂದಳು ನೆಬೀಸ.

"ಏನ್ ಹಾಕೂದಿಲ್ರೀ?"

"ಬ್ಲೀಚಿಂಗ್ ಪೌಡರ್. ತಟ್ಟೆಗೆ. ಎರಡು ವರ್ಷದಿಂದ ಹಾಕ್ತಾ ಇದ್ದೆವು. ನೀರು ತೋಡಿಗೆ ಬಿಟ್ಟದ್ದೂ ಹೌದು. ನಮ್ಮ ತಿಮ್ಮಕ್ಕನ ಬೆರಳು ಒಡೆದು ಹೋಗಿದೆ ಸಾರ್, ಅವಳಿಗೆ ಕೈಯಲ್ಲಿ ಉಣ್ಲಿಕ್ಕೆ ಆಗುದಿಲ್ಲ. ಅದು ನನಗೆ ಗೊತ್ತಿದ್ದೂ ಹಾಕಿದೆ. ತಪ್ಪು ನನ್ನದು."

ಹಕೀಮ್ ಅವಳ ಕಾಲನ್ನು ಮೆಲ್ಲಗೆ ತುಳಿದ. ಅವಳು ಕಾಲನ್ನು ಆಚೆ ತೆಗೆದಳು, ಮಾತು ನಿಲ್ಲಿಸಲಿಲ್ಲ. ಬಿಳಿ ತಟ್ಟೆ ಕೇಳುವವರ ಕಥೆ, ಏಳು ಹೆಂಗಸರ ಕಥೆ, ಎಲ್ಲ ಹೇಳಿದಳು. ದಂಡ ಹಾಕಿ, ಆದರೆ ಬಂದ್ ಮಾಡಬೇಡಿ ಎಂದಳು. ಎರಡು ವರ್ಷ ಒಳಗೆ ಕೂತದ್ದು ಒಂದೇ ಉಸಿರಿಗೆ ಹೊರಗೆ ಬಂತು.

ಮಲ್ಲನಗೌಡ ಕಣ್ಣು ಪಿಳಿಪಿಳಿ ಮಾಡಿದ. "ಒಂದ್ ನಿಮಿಷ ಅಕ್ಕಾರ. ನಿಮ್ಮನ್ನ ಬಂದ್ ಮಾಡ್ತೀವಿ ಅಂತ ಯಾರು ಹೇಳಿದ್ರು?"

"ನೀವೇ ಹೇಳಿದ್ದಲ್ವಾ ಮೈಕಲ್ಲಿ? ಹಾಳೆ ತಟ್ಟೆ ಬಂದ್ ಅಂತ."

"ಹೌದ್ರೀ. ಮದುವಿ ಮನ್ಯಾಗ ತಿಂದು ಒಗೀತಾರಲ್ಲ, ಒಳಗ ಪ್ಲಾಸ್ಟಿಕ್ ಬಳದಿದ್ದು. ಆ ಹಾಳಿ ತಟ್ಟಿ, ಹಾಳಿ ಲೋಟ."

"ನಮ್ಮ ತಟ್ಟೆಯಲ್ಲಿ ಪ್ಲಾಸ್ಟಿಕ್ ಎಲ್ಲಿ ಉಂಟು?"

"ನಿಮ್ದು ಅಡಕಿ ಮರದ್ದಲ್ರೀ? ಅದನ್ನ್ಯಾಕ ಬಂದ್ ಮಾಡ್ಲಿ? ನಾ ಹೇಳಿದ್ದು ಹಾಳಿ. ಕಾಗದ. ಪುಸ್ತಕದ ಹಾಳಿ ಅಂತೀವಲ್ಲ, ಅದು."

ಪುಸ್ತಕದ ಹಾಳೆ ನೆಬೀಸನಿಗೆ ಗೊತ್ತಿಲ್ಲವೆಂದಲ್ಲ, ಶಾಲೆಗೆ ಹೋದವಳೇ. ಆದರೆ ಪಕ್ಕದಲ್ಲಿ ತಟ್ಟೆ ಎಂಬ ಮಾತು ಬಂತೆಂದರೆ ಈ ಸೀಮೆಯಲ್ಲಿ ಹಾಳೆ ಮರದಿಂದಲೇ ಬೀಳಬೇಕು. ಕಾಗದದ್ದಕ್ಕೆ ಇಲ್ಲಿ ಮಕ್ಕಳಿಂದ ಮುದುಕರವರೆಗೆ ಪೇಪರ್ ಪ್ಲೇಟ್ ಎಂದೇ ಹೆಸರು. ಮೇಲಿನಿಂದ ಬಂದ ಆದೇಶದಲ್ಲೂ ಪೇಪರ್ ಪ್ಲೇಟ್ ಎಂದೇ ಇತ್ತಂತೆ. ಕನ್ನಡದ ಪಂಚಾಯತಿಯಲ್ಲಿ ಇಂಗ್ಲಿಷ್ ಯಾಕೆ ಎಂದು ಮಲ್ಲನಗೌಡ ಪ್ರೀತಿಯಿಂದ ಕನ್ನಡ ಮಾಡಿದ್ದ. ಕನ್ನಡವೇನೋ ಚೆನ್ನಾಗಿಯೇ ಇತ್ತು, ಊರು ಬೇರೆಯಾಗಿತ್ತು.

ಮೊದಲು ಬಾಯಿ ಬಿಟ್ಟವನು ಹಕೀಮ್. "ಲೋಟ!" ಎಂದು ಹಣೆ ಬಡಿದುಕೊಂಡ. "ಅಡಿಕೆ ಹಾಳೆಯಲ್ಲಿ ಲೋಟ ಯಾರು ಮಾಡ್ತಾರೆ ಮಾರಾಯ್ರೆ? ಚಾ ಹೊಯ್ದರೆ ನಿಲ್ತದಾ ಅದರಲ್ಲಿ? ಹಾಳೆ ಲೋಟ ಅಂತ ನಿನ್ನೆಯಿಂದ ಊರಿಡೀ ಕೇಳ್ತಾ ಉಂಟು, ಒಬ್ಬನ ತಲೆಗೂ ಹೋಗ್ಲಿಲ್ಲ!"

ನೆಬೀಸ ನಕ್ಕಳು. ನಗು ನಿಲ್ಲದೆ ಮೇಜು ಹಿಡಿದುಕೊಂಡಳು, ನಗುವಿನ ನಡುವೆ ಕಣ್ಣೀರೂ ಬಂತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳಿಗೆ ಹಿಂದಿನ ದಿನದಿಂದ ಮೊದಲ ಬಾರಿಗೆ ಹಸಿವಾಯಿತು. ಮಲ್ಲನಗೌಡನೂ ನಕ್ಕ. ತಾನು ಮಾಡಿದ ಅವಾಂತರ ನೆನೆದು ಕಿವಿ ಕೆಂಪು ಮಾಡಿಕೊಂಡು ಚಹಾ ತರಿಸಿದ. ಚಹಾ ಪೇಪರ್ ಗ್ಲಾಸಿನಲ್ಲಿ ಬಂತು. ಅದನ್ನು ನೋಡಿ ಮೂವರಿಗೂ ಮತ್ತೆ ನಗು.

ಕುಡಿದು ಮುಗಿಸಿದ ಮೇಲೆ ಅವನು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ಈಗ ಇದರ ವಿಷಯ ಹೇಳ್ರಿ."

ಹಕೀಮ್ ಹೆಂಡತಿಯ ಮುಖ ನೋಡಿದ. ಹೇಳಿದ್ದೆನಲ್ಲ ಎಂಬ ನೋಟ. ನೆಬೀಸ ಮಾತ್ರ ಹೆದರಲಿಲ್ಲ. ಹೆದರಿಕೆಯನ್ನೆಲ್ಲ ನಿನ್ನೆಯೇ ಖರ್ಚು ಮಾಡಿ ಆಗಿತ್ತು.

ಮಲ್ಲನಗೌಡ ಮೆತ್ತಗಿನವನೇ, ಆದರೆ ಕೆಲಸದಲ್ಲಿ ಸಡಿಲ ಬಿಡುವವನಲ್ಲ. ಮರುದಿನವೇ ಶೆಡ್ಡಿಗೆ ಬಂದ. ತೊಟ್ಟಿ ನೋಡಿದ, ತೋಡಿಗೆ ಇಳಿದ, ತಿಮ್ಮಕ್ಕನ ಕೈ ತೋರಿಸಲು ಹೇಳಿದ. ಆಕೆ ನಾಚಿ ಸೆರಗಿನೊಳಗೆ ಮುಚ್ಚಿಕೊಂಡಳು. ಅವಳು ತೋರಿಸುವವರೆಗೂ ಅವನು ಕಾದ. ಆಮೇಲೆ ಒಂದೊಂದಾಗಿ ಹೇಳಿದ. ಪೌಡರು ಇನ್ನು ಶೆಡ್ಡಿನೊಳಗೆ ಕಾಣಬಾರದು. ತೊಳೆದ ನೀರಿಗೆ ಗುಂಡಿ ತೋಡಬೇಕು. ಹೆಂಗಸರಿಗೆ ದಪ್ಪ ಕೈಗವಸು, ಹರಿದರೆ ಬೇರೆ. ತಟ್ಟೆಯನ್ನು ಆಹಾರ ಸುರಕ್ಷತೆಯವರ ಪರೀಕ್ಷೆಗೆ ಕಳಿಸಬೇಕು, ಈಗಿರುವ ಬಿಳಿ ತಟ್ಟೆ ಒಂದೂ ಊಟಕ್ಕೆ ಹೋಗಬಾರದು. ಒಂದು ನೋಟಿಸನ್ನೂ ಕೊಟ್ಟ. ಸುಮ್ಮನೆ ಬಿಟ್ಟರೆ ಅದು ಸರಿಯಲ್ಲ ಎಂದ.

"ಎಲ್ಲ ಮಾಡ್ತೇನೆ," ಎಂದಳು ನೆಬೀಸ. "ಆದ್ರೆ ಸಾರ್, ನನಗೊಬ್ಬಳಿಗೆ ಹೇಳಿದ್ರೆ ಆಗ್ಲಿಕ್ಕಿಲ್ಲ. ಬೇರೆಯವರು ಬಿಳಿ ಮಾಡ್ತಾ ಇದ್ರೆ ನನ್ನ ತಟ್ಟೆ ಯಾರಿಗೆ ಬೇಕು? ಎಲ್ಲರಿಗೂ ಒಂದೇ ಅಂತ ಆಗ್ಬೇಕು."

"ಎಲ್ಲಾ ಘಟಕಕ್ಕೂ ಹೋಗೂದೈತ್ರಿ. ತಾಲೂಕಿಗೂ ಬರೀತೀನಿ."

ಈ ಮಾತು ಕೇಳಿದಾಗ ನೆಬೀಸನಿಗೆ ಆದ ನೆಮ್ಮದಿ, ನಿಜ ಹೇಳಬೇಕೆಂದರೆ, ಹಾಳೆ ಎಂದರೆ ಕಾಗದ ಎಂದು ಗೊತ್ತಾದಾಗ ಆದದ್ದಕ್ಕಿಂತ ದೊಡ್ಡದು. ನಿಲ್ಲಿಸಬೇಕೆಂಬ ಆಸೆ ಅವಳಿಗೆ ಮೊದಲೇ ಇತ್ತು. ಒಬ್ಬಳೇ ನಿಲ್ಲಿಸುವ ಧೈರ್ಯ ಇರಲಿಲ್ಲ. ಈಗ ಯಾರೋ ಬಂದು ಎಲ್ಲರ ಕೈಯನ್ನೂ ಒಟ್ಟಿಗೆ ಹಿಡಿದಿದ್ದರು.

"ಮತ್ತೆ ಆ ಮೈಕ್ ಸರಿ ಮಾಡ್ಬೇಕು," ಎಂದಳು. "ಇಲ್ಲದಿದ್ರೆ ಊರಿಡೀ ನಮ್ಮ ತಟ್ಟೆಯನ್ನೇ ಬಿಸಾಡ್ತಾರೆ."

"ನಾ ಮಾತಾಡಿದ್ರ ಮತ್ತ ಏನರ ಆದೀತು. ನೀವ ಹೇಳ್ರಿ," ಎಂದು ಮಲ್ಲನಗೌಡ ಮೊಬೈಲನ್ನು ಅವಳ ಬಾಯಿಯ ಮುಂದೆ ಹಿಡಿದ. ನೆಬೀಸನಿಗೆ ಮಾತು ಹುಡುಕುವ ಕಷ್ಟ ಯಾವತ್ತೂ ಇರಲಿಲ್ಲ.

ರಮೀಝನ ಜೊತೆ ಮಾತ್ರ ಒಂದು ಸುತ್ತು ಜಗಳವೇ ಆಯಿತು. ಬಂದ್ ಆದದ್ದು ಪೇಪರ್ ಪ್ಲೇಟ್ ಎಂದು ಗೊತ್ತಾದ ಕೂಡಲೇ ಅವನು ಓಡಿ ಬಂದಿದ್ದ. ಕಂದು ತಟ್ಟೆಯ ಅಟ್ಟಿ ನೋಡಿ, "ಮಾಮಿ, ಮದುಮಗನ ಕಡೆಯವರು ಎಂತ ಹೇಳ್ತಾರೆ?" ಎಂದು ರಾಗ ತೆಗೆದ. ನೆಬೀಸ ತಿಮ್ಮಕ್ಕನನ್ನು ಕರೆದು ಅವಳ ಕೈಯನ್ನು ಅವನ ಮುಂದೆ ಹಿಡಿದಳು.

"ಇದರಲ್ಲಿ ತೊಳೆದದ್ದು ನೀನು ಕೇಳಿದ ಬಿಳಿ ತಟ್ಟೆ. ಮದುಮಗನ ಕಡೆಯವರಿಗೆ ಹೇಳು."

ರಮೀಝ್ ಕೆಟ್ಟವನಲ್ಲ. ತಲೆ ತಗ್ಗಿಸಿದ. ಆಮೇಲೆ ಕಡಬ, ಸುಳ್ಯ, ಪುತ್ತೂರು ಎಲ್ಲ ಕಡೆ ಬೇರೆಯವರ ತೊಟ್ಟಿಗಳಿಗೂ ನೋಟಿಸು ಹೋಗಿ, ಬಿಳಿ ಎಲ್ಲೂ ಸಿಗುವುದಿಲ್ಲ ಎಂದು ಖಚಿತವಾದಾಗ ಅವನ ತಲೆ ಮತ್ತೆ ಮೇಲೆದ್ದಿತು. ಈಗ ಅವನ ಜೀಪಿನ ಹಿಂದೆ ದೊಡ್ಡ ಅಕ್ಷರ: "ಮದ್ದು ಹಾಕದ ಶುದ್ಧ ಹಾಳೆ ತಟ್ಟೆ, ನಮ್ಮಲ್ಲಿ ಮಾತ್ರ." ಮದುವೆ ಹಾಲ್‌ಗಳಲ್ಲಿ ಈ ಮಾತನ್ನು ತನ್ನದೇ ಯೋಚನೆ ಎಂಬಂತೆ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ ಬಿಡಿ ಎನ್ನುತ್ತಾಳೆ ನೆಬೀಸ. ಉಳಿದಿದ್ದ ಬಿಳಿ ತಟ್ಟೆಗಳು ರಾಮಕುಂಜದ ನರ್ಸರಿಯಲ್ಲಿ ಸಸಿ ಇಡಲು ಹೋದವು. ಪರೀಕ್ಷೆಗೆ ಕಳಿಸಿದ ಕಂದು ತಟ್ಟೆ ಪಾಸಾಗಿ ಬಂತು. ಮದುವೆ ಹಾಲ್‌ನವರು ಕೇಳುವಷ್ಟು ಮಾಡಿಕೊಡಲು ಇನ್ನೊಂದು ಮೆಷಿನು ಬೇಕೆಂದು ಹಕೀಮ್ ಈಗ ತಾನಾಗಿಯೇ ಹೇಳುತ್ತಿದ್ದಾನೆ.

ಫೆಬ್ರವರಿಯ ಒಂದು ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ನೆಬೀಸನೂ ಇದ್ದಳು; ಆ ನೋಟಿಸು ಬಂದಂದಿನಿಂದ ಅವಳು ಒಳಗೆ ಉಣ್ಣುವುದನ್ನು ಬಿಟ್ಟಿದ್ದಾಳೆ. ಅಂಚು ಸೀಳಿ ಮಾರಲಾಗದ ಕಂದು ತಟ್ಟೆಗಳಲ್ಲೇ ಊಟ. ಏರಿನ ಕೆಳಗಿನಿಂದ ಕಸದ ಗಾಡಿ ಬರುತ್ತಿತ್ತು, ಮೈಕಿನಲ್ಲಿ ನೆಬೀಸನದೇ ದನಿ.

"ಪೇಪರ್ ಪ್ಲೇಟ್, ಪೇಪರ್ ಗ್ಲಾಸ್ ಬಂದ್. ಅಡಿಕೆ ಹಾಳೆಯ ತಟ್ಟೆ ಬಂದ್ ಅಲ್ಲ, ಅದನ್ನೇ ತಗೊಳ್ಳಿ. ಆದ್ರೆ ಬಿಳಿ ಕೇಳ್ಬೇಡಿ. ಬಿಳಿ ಮಾಡ್ಲಿಕ್ಕೆ ಮದ್ದು ಹಾಕ್ಬೇಕಾಗ್ತದೆ. ಅದು ತೊಳೆಯುವವರ ಕೈ ತಿಂತದೆ."

"ಮೈಕಲ್ಲೂ ಬೈಯುವ ಹಾಗೆಯೇ ಕೇಳ್ತದೆ," ಎಂದು ಯಾರೋ ನಕ್ಕರು. ನೆಬೀಸ ಮೀನುಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಬಂದವಳು ತಿಮ್ಮಕ್ಕನ ಮುಂದೆ ನಿಂತಳು.

"ತಿಮ್ಮಕ್ಕ, ಚಮಚ ಎಲ್ಲಿ?"

"ಉಪ್ಪಿನ ಭರಣಿಗೆ ಹಾಕಿದೆ," ಎಂದಳು ತಿಮ್ಮಕ್ಕ. "ಚಮಚದಲ್ಲಿ ಉಂಡ್ರೆ ಬಂಗುಡೆಯ ಮುಳ್ಳು ಎಲ್ಲಿ ಉಂಟು ಅಂತ ಗೊತ್ತೇ ಆಗುದಿಲ್ಲ ಮಾರಾಯ್ತಿ. ಹಾಕಿ, ಇನ್ನೂ ಸ್ವಲ್ಪ ಹಾಕಿ."

ನೆಬೀಸ ಸಾರು ಹಾಕಿದಳು. ಕೆಂಪು ಕೆಂಪು ಮೆಣಸಿನ ಸಾರು. ತಿಮ್ಮಕ್ಕ ಐದೂ ಬೆರಳು ಅದ್ದಿ ಅನ್ನ ಕಲೆಸಿದಳು, ತುತ್ತು ಮಾಡಿ ಉಂಡಳು, ಕೊನೆಗೆ ಬೆರಳನ್ನೂ ಚೀಪಿದಳು. ನೆಬೀಸ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಪಕ್ಕದವಳು ತನಗೂ ಸಾರು ಬೇಕೆಂದು ಎರಡೆರಡು ಸಲ ಕರೆಯಬೇಕಾಯಿತು.